ನಿಂಬೆಯೂ ಅಲ್ಲ, ಸುಣ್ಣವೂ ಅಲ್ಲ: ಲಿಂಡನ್ ಎಂಬ ನಾರಿನ ಮರ

ಇಂಗ್ಲಿಷಿನಲ್ಲಿ 'ಲೈಮ್' ಅಂದ ತಕ್ಷಣ ನಮಗೆ ಹೊಳೆಯುವುದು ಎರಡು. ಒಂದು ಉಪ್ಪಿನಕಾಯಿಗೆ ಹಾಕುವ ನಿಂಬೆ, ಇನ್ನೊಂದು ವೀಳ್ಯದೆಲೆಗೆ ಹಚ್ಚುವ ಸುಣ್ಣ. ಆದರೆ ಹಳೆಯ ಇಂಗ್ಲಿಷ್, ರಷ್ಯನ್ ಕಾದಂಬರಿಗಳಲ್ಲಿ ಜಮೀನ್ದಾರರ ಬಂಗಲೆಯ ಮುಂದೆ ಎರಡು ಸಾಲಾಗಿ ನಿಂತಿರುತ್ತಲ್ಲ 'ಲೈಮ್ ಮರ', ಅದು ಎರಡೂ ಅಲ್ಲ. ನಿಂಬೆ ಗಿಡವನ್ನು ಸಾಲುಮರ ಮಾಡಿ ನೆಟ್ಟರೆ ಅದರ ಕೆಳಗೆ ಕುದುರೆ ಗಾಡಿ ಹೋಗುವುದಾದರೂ ಹೇಗೆ? ಮುಳ್ಳು ಬೇರೆ! ಈ ಲೈಮ್ ಮರದ ಹಳೆಯ ಇಂಗ್ಲಿಷ್ ಹೆಸರು 'ಲಿಂಡ್'. ಜನರ ಬಾಯಲ್ಲಿ ಅದು 'ಲೈನ್' ಆಗಿ, 17ನೇ ಶತಮಾನದ ಹೊತ್ತಿಗೆ 'ಲೈಮ್' ಆಗಿ ನಿಂತುಬಿಟ್ಟಿತು. ನಿಂಬೆಯ ಲೈಮ್ ಪರ್ಷಿಯನ್, ಅರಬ್ಬಿ ದಾರಿಯಲ್ಲಿ ಬಂದ ಪದ. ಸುಣ್ಣದ ಲೈಮ್ ಮೂಲದಲ್ಲಿ 'ಅಂಟು' ಅನ್ನುವ ಅರ್ಥದ್ದು. ಮೂರೂ ಬೇರೆ ಬೇರೆ ಊರಿನವರು ಬಂದು ಒಂದೇ ಹೆಸರಿನ ಬೋರ್ಡು ಹಾಕಿಕೊಂಡ ಹಾಗೆ. ಜರ್ಮನ್ನರು ಇವತ್ತಿಗೂ ಮರವನ್ನು ಲಿಂಡೆ ಅಂತಾರೆ, ಬಹುವಚನದಲ್ಲಿ ಲಿಂಡೆನ್. ಗೊಂದಲ ಬೇಡ ಅಂತ ನಾನೂ ಇಲ್ಲಿ ಲಿಂಡನ್ ಅಂತಲೇ ಬರೆಯುತ್ತೇನೆ.

ಕಂಪನಿ ಕೆಲಸದ ಮೇಲೆ ಕೆಲವು ತಿಂಗಳು ಜರ್ಮನಿಯಲ್ಲಿದ್ದಾಗ ಈ ಮರ ನನಗೆ ಪರಿಚಯವಾಗಿದ್ದು ಮೂಗಿನ ಮೂಲಕ. ಜೂನ್ ಕೊನೆಯ ಒಂದು ಸಂಜೆ ಇಡೀ ಬೀದಿ ಜೇನಿನ ಹಾಗೆ, ಸ್ವಲ್ಪ ಒಣಹುಲ್ಲಿನ ಹಾಗೆ ವಾಸನೆ ಹೊಡೆಯುತ್ತಿತ್ತು. ತಲೆ ಎತ್ತಿ ನೋಡಿದರೆ ಎಲೆ ಹೃದಯದ ಆಕಾರ. ಹೆಚ್ಚು ಕಡಿಮೆ ನಮ್ಮ ಅರಳಿ ಎಲೆಯೇ. ಆದರೆ ಅರಳಿಯ ಉದ್ದ ಬಾಲ ಇಲ್ಲ, ಅಂಚಿಗೆ ಗರಗಸದ ಹಲ್ಲು ಇದೆ, ಬುಡದಲ್ಲಿ ಎರಡು ಕಡೆ ಸಮ ಇರುವುದಿಲ್ಲ. ಹೂವು ತೀರಾ ಸಣ್ಣದು, ಹಳದಿ ಮಿಶ್ರಿತ ಬಿಳಿ. ಹೂಗೊಂಚಲಿನ ತೊಟ್ಟಿಗೆ ನಾಲಿಗೆಯಂಥ ತೆಳು ಹಸಿರು ಪಟ್ಟಿ ಅಂಟಿಕೊಂಡಿರುತ್ತದೆ. ಕಾಯಿ ಬಲಿತ ಮೇಲೆ ಆ ಪಟ್ಟಿಯೇ ರೆಕ್ಕೆಯಾಗಿ ಗೊಂಚಲನ್ನು ಗಾಳಿಯಲ್ಲಿ ತಿರುಗಿಸುತ್ತಾ ದೂರಕ್ಕೆ ಒಯ್ಯುತ್ತದೆ. ಇಷ್ಟೆಲ್ಲ ಚೆಂದ ಇದ್ದರೂ ಇದರ ಕೆಳಗೆ ಕಾರು ನಿಲ್ಲಿಸುವವರು ಶಾಪ ಹಾಕುತ್ತಾರೆ. ಎಲೆಗಳ ಮೇಲೆ ಕೂತ ಗಿಡಹೇನುಗಳು ರಸ ಹೀರಿ, ಹೆಚ್ಚಾದ ಸಕ್ಕರೆಯನ್ನು ಹನಿಹನಿಯಾಗಿ ಕೆಳಗೆ ಬಿಡುತ್ತವೆ. ಬೆಳಿಗ್ಗೆ ನೋಡಿದರೆ ಗಾಜಿನ ಮೇಲೆಲ್ಲ ಬೆಲ್ಲದ ಪಾಕ :)

ಯೂರೋಪಿನ ಕಾಡಿನಲ್ಲಿ ಸಹಜವಾಗಿ ಬೆಳೆಯುವ ಮುಖ್ಯ ಜಾತಿಗಳು ಎರಡು, ಸಣ್ಣೆಲೆಯದು ಮತ್ತು ದೊಡ್ಡೆಲೆಯದು. ಪಟ್ಟಣಗಳಲ್ಲಿ ನೆಡುವುದು ಹೆಚ್ಚಾಗಿ ಇವೆರಡರ ಮಿಶ್ರತಳಿ. ಗುಂಪಿನ ಲ್ಯಾಟಿನ್ ಹೆಸರು ಟಿಲಿಯಾ. ಹಿಂದೆ ಇದಕ್ಕೆ ಟಿಲಿಯೇಸಿ ಅಂತ ತನ್ನದೇ ಕುಟುಂಬ ಇತ್ತು. 1998ರಿಂದ ಈಚೆಗೆ ಡಿಎನ್ಎ ನೋಡಿ ಸಸ್ಯಗಳ ವರ್ಗೀಕರಣವನ್ನು ಹೊಸದಾಗಿ ಬರೆದಾಗ ಆ ಕುಟುಂಬವನ್ನು ಮುಚ್ಚಿ, ಇದನ್ನು ದಾಸವಾಳದ ಕುಟುಂಬಕ್ಕೆ ಸೇರಿಸಿದರು. ಅಂದರೆ ಬರ್ಲಿನ್ನಿನ ಬೀದಿ ಮರ ಈಗ ನಮ್ಮ ದಾಸವಾಳ, ಹತ್ತಿ, ಬೆಂಡೆ, ಪುಂಡಿ, ಸೆಣಬು ಇವರೆಲ್ಲರ ದಾಯಾದಿ. ಬೆಂಡೆಕಾಯಿ ಲೋಳೆ, ದಾಸವಾಳದ ಎಲೆ ಕಿವುಚಿದರೆ ಬರುವ ಲೋಳೆ ನಮಗೆ ಗೊತ್ತಿದ್ದದ್ದೇ. ಲಿಂಡನ್ ಹೂವಿನಲ್ಲೂ ಅದೇ ಲೋಳೆ ಇದೆ. ಯೂರೋಪಿನ ಅಜ್ಜಿಯರು ಕೆಮ್ಮು, ಗಂಟಲು ಕೆರೆತಕ್ಕೆ ಒಣಗಿದ ಲಿಂಡನ್ ಹೂವಿನ ಕಷಾಯ ಕೊಡುವುದು ಸುಮ್ಮನೆ ಅಲ್ಲ. ಫ್ರೆಂಚ್ ಲೇಖಕ ಪ್ರೂಸ್ತ್ 1913ರಲ್ಲಿ ಬರೆದ ಆ ಜಗತ್ಪ್ರಸಿದ್ಧ ಪುಟದಲ್ಲಿ, ಕೇಕಿನ ತುಂಡನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟಾಗ ಬಾಲ್ಯವೆಲ್ಲ ನೆನಪಾಗುತ್ತಲ್ಲ, ಅವನ ಅತ್ತೆ ಅದ್ದಿ ಕೊಡುತ್ತಿದ್ದದ್ದು ಇದೇ ಹೂವಿನ ಕಷಾಯದಲ್ಲಿ.

ಆದರೆ ಈ ಕುಟುಂಬದ ನಿಜವಾದ ಆಸ್ತಿ ಲೋಳೆಯಲ್ಲ, ನಾರು. ಲಿಂಡನ್ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಜರ್ಮನ್ ಕವಿತೆ, ಬರ್ಲಿನ್ ಬೀದಿ, ಚರ್ಚಿನ ಶಿಲ್ಪ ಅಂತ ಶುರು ಮಾಡುತ್ತಾರೆ. ನನಗೆ ಅನ್ನಿಸುವ ಪ್ರಕಾರ ಅದು ಕಥೆಯ ಕೊನೆಯ ಕಾಲು ಭಾಗ. ಅದಕ್ಕೂ ಮುಂಚಿನ ಸಾವಿರಾರು ವರ್ಷ ಈ ಮರ ಜನರಿಗೆ ಬೇಕಾಗಿದ್ದದ್ದು ತೊಗಟೆಗಾಗಿ.

ಕೆಲಸ ಹೀಗೆ. ವಸಂತ ಮುಗಿದು ಬೇಸಿಗೆ ಶುರುವಾಗುವ ಹೊತ್ತಿಗೆ ಮರದಲ್ಲಿ ರಸ ಏರುತ್ತಿರುತ್ತದೆ. ಆಗ ತೊಗಟೆ ಸಲೀಸಾಗಿ ಉದ್ದುದ್ದ ಪಟ್ಟಿಯಾಗಿ ಬಿಟ್ಟುಕೊಳ್ಳುತ್ತದೆ. ಆ ಪಟ್ಟಿಗಳನ್ನು ಕಟ್ಟು ಕಟ್ಟಿ ಕೆರೆಯಲ್ಲೋ, ಸಮುದ್ರದ ದಡದ ನೀರಿನಲ್ಲೋ ಕಲ್ಲು ಹೇರಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮುಳುಗಿಸಿಡುತ್ತಾರೆ. ನೀರಿನ ಸೂಕ್ಷ್ಮಜೀವಿಗಳು ಪದರಗಳ ನಡುವಿನ ಅಂಟನ್ನು ತಿಂದುಹಾಕುತ್ತವೆ. ಆಮೇಲೆ ತೆಗೆದು ತೊಳೆದರೆ ಒಳತೊಗಟೆ ಕಾಗದದ ಹಾಳೆಗಳ ಹಾಗೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಒಣಗಿಸಿ, ಸೀಳಿ, ಹೊಸೆದರೆ ಹಗ್ಗ. ಉತ್ತರ ಕರ್ನಾಟಕದ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುಂಡಿ ಕಟ್ಟಿಗೆಯನ್ನು ಹೊಂಡದಲ್ಲಿ ಕೊಳೆಹಾಕಿ, ಮೂಗು ಮುಚ್ಚಿಕೊಂಡು ನಾರು ಸುಲಿಯುವುದೂ ಇದೇ ವಿದ್ಯೆ. ವಾಸನೆಯೂ ಅದೇ ಇರಬೇಕು!

ಲಿಂಡನ್ ನಾರಿನ ಹಗ್ಗ ಹಗುರ, ನೀರಿನಲ್ಲಿ ತೇಲುತ್ತದೆ, ಒದ್ದೆಯಾದರೂ ಬೇಗ ಹಾಳಾಗುವುದಿಲ್ಲ. ಹೀಗಾಗಿ ಬಲೆಗೆ, ದೋಣಿಗೆ, ಬಾವಿಗೆ ಇದು ಹೇಳಿ ಮಾಡಿಸಿದ್ದು. ವೈಕಿಂಗರ ಹಡಗುಗಳಲ್ಲೂ ಲಿಂಡನ್ ನಾರಿನ ಹಗ್ಗ ಇತ್ತು. ಅದಕ್ಕೂ ಎಷ್ಟು ಹಿಂದಿನದು ಗೊತ್ತೇ? 1991ರಲ್ಲಿ ಆಲ್ಪ್ಸ್ ಪರ್ವತದಲ್ಲಿ, ಆಸ್ಟ್ರಿಯಾ ಮತ್ತು ಇಟಲಿ ಗಡಿಯ ಹಿಮದಲ್ಲಿ ಒಂದು ಶವ ಸಿಕ್ಕಿತಲ್ಲ, ಓಟ್ಜಿ ಅಂತ ಹೆಸರಿಟ್ಟರು, ಆತ ಸತ್ತು ಸುಮಾರು 5,300 ವರ್ಷವಾಗಿದೆ. ಅವನ ಹತ್ತಿರ ಚಕಮಕಿ ಕಲ್ಲಿನ ಚೂರಿ ಇತ್ತು. ಚೂರಿಯ ಒರೆ ಹೆಣೆದದ್ದು ಲಿಂಡನ್ ನಾರಿನಲ್ಲಿ. ಅವನ ಪಾದರಕ್ಷೆಯ ಒಳಗೆ ಬೆಚ್ಚಗಿರಲಿ ಅಂತ ಒಣಹುಲ್ಲು ತುಂಬಿತ್ತು. ಆ ಹುಲ್ಲು ಜಾರದ ಹಾಗೆ ಹಿಡಿದಿದ್ದ ಬಲೆಯೂ ಲಿಂಡನ್ ನಾರೇ. ತಾಮ್ರದ ಕೊಡಲಿ ಇಟ್ಟುಕೊಂಡು ಓಡಾಡುತ್ತಿದ್ದ ಮನುಷ್ಯ, ಬೂಟಿಗೆ ಮಾತ್ರ ಮರದ ತೊಗಟೆಯನ್ನೇ ನಂಬಿದ್ದ. ಇನ್ನೂ ಹಿಂದಕ್ಕೆ ಹೋದರೆ ಡೆನ್ಮಾರ್ಕಿನ ಟೀಬ್ರಿನ್ ವೀಗ್ ಎಂಬ ಕಡೆ, ಈಗ ಸಮುದ್ರದಡಿ ಇರುವ ಶಿಲಾಯುಗದ ಬೇಟೆಗಾರರ ನೆಲೆಯನ್ನು 1978ರಿಂದ ಸುಮಾರು ಹತ್ತು ವರ್ಷ ಮುಳುಗುಗಾರರು ಅಗೆದರು. ಅಲ್ಲಿ ಸಿಕ್ಕ ದೋಣಿಗಳು ಒಂದೇ ಲಿಂಡನ್ ಕಾಂಡವನ್ನು ಕೊರೆದು ಮಾಡಿದವು. ದೊಡ್ಡದು ಸುಮಾರು 9.5 ಮೀಟರ್ ಉದ್ದ. ದೋಣಿಯೊಳಗೆ ಜೇಡಿಮಣ್ಣು ಮೆತ್ತಿ ಒಲೆ ಮಾಡಿಕೊಂಡಿದ್ದರು. ರಾತ್ರಿ ಬೆಂಕಿ ಹಾಕಿಕೊಂಡು ಹಾವುಮೀನು ಹಿಡಿಯುತ್ತಿದ್ದಿರಬೇಕು ಅಂತ ಊಹೆ.

ಹಗ್ಗಕ್ಕೆ ಒಂದು ಕೆಟ್ಟ ಗುಣ ಇದೆ. ಅದು ಉಳಿಯುವುದಿಲ್ಲ. ಹಿಮದಲ್ಲೋ ಕೆಸರಿನಲ್ಲೋ ಸಿಕ್ಕಿಕೊಂಡರೆ ಮಾತ್ರ ನಮ್ಮ ಕೈಗೆ ಸಿಗುತ್ತದೆ. ಕಲ್ಲು, ಕಂಚು, ಕಬ್ಬಿಣ ಉಳಿದದ್ದರಿಂದ ಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ ಅಂತ ಹೆಸರಿಟ್ಟರು. ಕಲ್ಲನ್ನು ಹಿಡಿಗೆ ಬಿಗಿದಿದ್ದ, ದೋಣಿಯನ್ನು ದಡಕ್ಕೆ ಕಟ್ಟಿದ್ದ ನಾರಿನ ಹೆಸರಿನಲ್ಲಿ ಒಂದು ಯುಗವೂ ಇಲ್ಲ.

ಈ ನಾರಿನ ಮೇಲೆ ಅತಿ ಹೆಚ್ಚು ಕಾಲ, ಅತಿ ಹೆಚ್ಚು ಜನ ಬದುಕಿದ್ದು ರಷ್ಯಾದಲ್ಲಿ. ಅಲ್ಲಿ ರೈತರು ಹಾಕುತ್ತಿದ್ದದ್ದು ಚರ್ಮದ ಬೂಟಲ್ಲ, ಲಿಂಡನ್ ತೊಗಟೆಯ ಪಟ್ಟಿಗಳಿಂದ ಬುಟ್ಟಿಯ ಹಾಗೆ ಹೆಣೆದ 'ಲಾಪ್ತಿ'. ಕಾಲಿಗೆ ಬಟ್ಟೆ ಸುತ್ತಿಕೊಂಡು ಅದರ ಮೇಲೆ ಲಾಪ್ತಿ ತೊಟ್ಟು, ನಾರಿನ ಹುರಿಯನ್ನು ಮೊಣಕಾಲಿನವರೆಗೆ ಸುತ್ತಿ ಕಟ್ಟುವುದು. ಒಂದು ಜೊತೆಗೆ ಎರಡು ಮೂರು ಎಳೆಯ ಮರಗಳ ತೊಗಟೆ ಬೇಕು. ಹೊಲದ ಕೆಲಸದಲ್ಲಿ ಅದು ಬಾಳುವುದು ಕೆಲವೇ ದಿನ, ಹೆಚ್ಚೆಂದರೆ ಒಂದೆರಡು ವಾರ. ಮನೆಯಲ್ಲಿ ಆರು ಜನ ಇದ್ದರೆ ವರ್ಷಕ್ಕೆ ಎಷ್ಟು ಮರ ಅಂತ ನೀವೇ ಗುಣಿಸಿ ನೋಡಿ. ಸುಲಿದ ಎಳೆ ಮರ ಒಣಗಿಹೋಗುತ್ತದೆ. ಬುಡದಿಂದ ಮತ್ತೆ ಚಿಗುರುತ್ತದೆ ನಿಜ, ಆದರೆ ಸುಲಿಯುವವರು ಅದಕ್ಕಿಂತ ಜೋರಾಗಿದ್ದರೆ? ರಷ್ಯಾದ ಹಳ್ಳಿಗಳ ಸುತ್ತ ಲಿಂಡನ್ ತೋಪುಗಳು ಬೋಳಾಗುತ್ತಾ ಹೋದವು. ಲಾಪ್ತಿ ಅಷ್ಟೇ ಅಲ್ಲ. ಇದೇ ನಾರಿನಿಂದ ಚಾಪೆ, ಗೋಣಿಯಂಥ ಚೀಲ, ಮೈ ತಿಕ್ಕುವ ಬ್ರಷ್ಷು ಎಲ್ಲ ಮಾಡುತ್ತಿದ್ದರು. ಲಿಂಡನ್ ಚಾಪೆಯಲ್ಲಿ ಸುತ್ತಿದ ಸರಕು ಹಡಗೇರಿ ಪಶ್ಚಿಮ ಯೂರೋಪಿಗೆ ಹೋಗುತ್ತಿತ್ತು. 1918-20ರ ಆಸುಪಾಸಿನ ಅಂತರ್ಯುದ್ಧದಲ್ಲಿ ಕೆಂಪು ಸೈನ್ಯಕ್ಕೆ ಬೂಟು ಸಾಲದೆ, ಉಣ್ಣೆಯ ಬೂಟು ಮತ್ತು ಲಾಪ್ತಿ ಒದಗಿಸಲಿಕ್ಕೆಂದೇ ಸರ್ಕಾರ ಒಂದು ವಿಶೇಷ ಆಯೋಗ ಮಾಡಬೇಕಾಯಿತು. ಜಗತ್ತನ್ನೇ ಬದಲಾಯಿಸಲು ಹೊರಟ ಕ್ರಾಂತಿ ಮರದ ತೊಗಟೆ ಮೆಟ್ಟಿಕೊಂಡು ನಡೆದಿದ್ದು ಹೀಗೆ.

ಹಗ್ಗ ಕೊಳೆತರೂ ಮಾತು ಉಳಿಯುತ್ತೆ. ರಷ್ಯನ್ ಭಾಷೆಯಲ್ಲಿ ಯಾರನ್ನಾದರೂ ಪೂರ್ತಿ ದೋಚಿಬಿಟ್ಟರೆ 'ಲಿಂಡನ್ ಸುಲಿದಂತೆ ಸುಲಿದರು' ಅಂತಾರೆ. 'ನಾನೇನು ತೊಗಟೆಯ ನಾರಿನಲ್ಲಿ ಹೊಲಿದವನಲ್ಲ' ಅಂದರೆ ನನ್ನನ್ನು ಪೆದ್ದ ಅಂದುಕೊಳ್ಳಬೇಡ ಅಂತ. ಲಾಪ್ತಿ ಹಾಕುವವನು ಅನ್ನುವುದೇ ಒಂದು ಬೈಗುಳ. ಇನ್ನೂ ಮಜಾ ಅಂದರೆ, 'ಲಿಂಡನ್ನಿನದು' ಅನ್ನುವ ವಿಶೇಷಣಕ್ಕೆ ರಷ್ಯನ್ ಆಡುಮಾತಿನಲ್ಲಿ 'ನಕಲಿ' ಅನ್ನುವ ಅರ್ಥ ಬಂದಿದೆ. ಈ ಮರದ ಮೆತ್ತನೆ ಹಲಗೆಯಲ್ಲಿ ಕಳ್ಳ ಮೊಹರು ಕೆತ್ತುವುದು ಸುಲಭವಾಗಿತ್ತು, ಅದಕ್ಕೇ ಅಂತ ಸಾಮಾನ್ಯವಾಗಿ ಕೊಡುವ ವಿವರಣೆ. ಹೂವಿನ ನೆನಪು ತಿಂಗಳ ಹೆಸರಿನಲ್ಲಿದೆ. ಪೋಲೆಂಡ್, ಉಕ್ರೇನ್, ಲಿಥುವೇನಿಯಾಗಳಲ್ಲಿ ಜುಲೈ ತಿಂಗಳಿಗೆ ಲಿಂಡನ್ ಹೆಸರು. ದಕ್ಷಿಣದ ಕ್ರೊಯೇಷಿಯಾದಲ್ಲಿ ಅದೇ ಹೆಸರು ಜೂನ್ ತಿಂಗಳಿಗೆ. ಬೆಚ್ಚಗಿನ ಸೀಮೆಯಲ್ಲಿ ಹೂವು ಮೊದಲೇ ಬರುತ್ತದಲ್ಲ! 2023ರಲ್ಲಿ ಯೂರೋಗೆ ಬದಲಾಗುವವರೆಗೂ ಕ್ರೊಯೇಷಿಯಾದ ಚಿಲ್ಲರೆ ಪೈಸೆಯ ಹೆಸರೂ 'ಲಿಪಾ', ಅಂದರೆ ಲಿಂಡನ್. ಜರ್ಮನಿಯ ಲೈಪ್ಜಿಗ್ ನಗರದ ಹೆಸರೂ ಸ್ಲಾವ್ ಭಾಷೆಯ ಇದೇ ಪದದಿಂದ ಬಂದದ್ದು ಅಂತಾರೆ. ಹೂವಿನ ಜೇನಿಗೆ ರಷ್ಯಾದ ಬಶ್ಕೋರ್ತೊಸ್ತಾನ್ ಇವತ್ತಿಗೂ ಹೆಸರುವಾಸಿ. ಅಲ್ಲಿ ಕಾಡಿನ ಮರದಲ್ಲೇ ಪೊಟರೆ ಕೊರೆದು ಕಾಡುಜೇನು ಸಾಕುವ ಹಳೆಯ ಪದ್ಧತಿ ಇನ್ನೂ ಉಳಿದುಕೊಂಡಿದೆ.

ಮರದ ವಿಷಯಕ್ಕೆ ಬಂದರೆ, ಮನೆ ಕಟ್ಟಲು ಲಿಂಡನ್ ಪ್ರಯೋಜನಕ್ಕಿಲ್ಲ. ಮೆದು. ಮಳೆ ಬಿದ್ದರೆ ಕೊಳೆಯುತ್ತದೆ, ಹುಳ ಹಿಡಿಯುತ್ತದೆ. ತೊಲೆಗೆ, ಹಡಗಿಗೆ ಓಕ್ ಮರವೇ ಬೇಕು. ಆದರೆ ಈ ಮೆದುತನಕ್ಕೇ ಒಂದು ಬೆಲೆ ಇದೆ. ಇದರ ಎಳೆ ಎಷ್ಟು ನುಣುಪು, ಎಷ್ಟು ಸಮ ಅಂದರೆ ಉಳಿಯನ್ನು ಯಾವ ದಿಕ್ಕಿಗೆ ಓಡಿಸಿದರೂ ಸಿಗಿಯುವುದಿಲ್ಲ. ಚನ್ನಪಟ್ಟಣದವರು ಬೊಂಬೆಗೆ ಆಲೆ ಮರವನ್ನು ಆರಿಸಿಕೊಂಡದ್ದೂ ಇಂಥದೇ ಗುಣಕ್ಕೆ: ಬಿಳಿ, ಮೆದು, ಕಡೆಯಲು ಸುಲಭ. ರಷ್ಯಾದಲ್ಲಿ 1890ರ ದಶಕದಲ್ಲಿ ಹುಟ್ಟಿದ, ಒಂದರೊಳಗೆ ಒಂದು ಕೂರುವ ಮಾತ್ರ್ಯೋಷ್ಕಾ ಬೊಂಬೆಯನ್ನು ಹೆಚ್ಚಾಗಿ ಕಡೆಯುವುದು ಲಿಂಡನ್ನಿನಲ್ಲಿ.

ಈ ಗುಣವನ್ನು ಶಿಖರಕ್ಕೆ ಒಯ್ದವರು ದಕ್ಷಿಣ ಜರ್ಮನಿಯ ಶಿಲ್ಪಿಗಳು, 1470ರಿಂದ 1530ರವರೆಗಿನ ಅರವತ್ತು ವರ್ಷದಲ್ಲಿ. ನ್ಯೂರೆಂಬರ್ಗಿನ ಫೈಟ್ ಸ್ಟೋಸ್ ಪೋಲೆಂಡಿನ ಕ್ರಾಕೋವ್ ಚರ್ಚಿಗೆ 1477ರಿಂದ 1489ರವರೆಗೆ ಹನ್ನೆರಡು ವರ್ಷ ಕೂತು ಒಂದು ಪೂಜಾಮಂಟಪ ಕೆತ್ತಿದ. ಚೌಕಟ್ಟು ಓಕ್, ಮೂರ್ತಿಗಳೆಲ್ಲ ಲಿಂಡನ್. ದೊಡ್ಡ ಮೂರ್ತಿಗಳು ಆಳಿಗಿಂತ ಎತ್ತರ. ಇದನ್ನು ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಬಿಚ್ಚಿ ಜರ್ಮನಿಗೆ ಸಾಗಿಸಿದರು. 1946ರಲ್ಲಿ ಅದು ವಾಪಸು ಬಂತು. ವ್ಯುರ್ಜ್‌ಬುರ್ಗಿನ ಟಿಲ್ಮನ್ ರೀಮೆನ್‌ಶ್ನೈಡರ್ ಇನ್ನೊಬ್ಬ. ಆ ಕಾಲದಲ್ಲಿ ಮರದ ಮೂರ್ತಿ ಅಂದರೆ ಬಣ್ಣ, ಚಿನ್ನದ ರೇಕು ಬಳಿಯಲೇಬೇಕು. ಇವನು ಕೆಲವು ಪೂಜಾಮಂಟಪಗಳನ್ನು ಬಣ್ಣವಿಲ್ಲದೆ, ತೆಳು ಮೆರುಗು ಮಾತ್ರ ಕೊಟ್ಟು ಬಿಟ್ಟ. ಮರವೇ ಚರ್ಮ, ಮರವೇ ಬಟ್ಟೆ. ರೋಥೆನ್‌ಬುರ್ಗಿನ ಚರ್ಚಿನಲ್ಲಿರುವ ಅವನ ಕೆಲಸ ನೋಡಿದರೆ ಆ ಮುಖಗಳ ದಣಿವು ಹೇಗೆ ಬಂತು ಅಂತ ಆಶ್ಚರ್ಯವಾಗುತ್ತದೆ. ಅವನು ಊರಿನ ಮೇಯರ್ ಕೂಡ ಆಗಿದ್ದ. 1525ರಲ್ಲಿ ರೈತರು ದಂಗೆ ಎದ್ದಾಗ ನಗರಸಭೆ ಅವರ ಮೇಲೆ ಸೈನ್ಯ ಕಳಿಸಲು ಒಪ್ಪಲಿಲ್ಲ. ದಂಗೆ ಮುರಿದ ಮೇಲೆ ಬಿಷಪ್ಪನ ಕಡೆಯವರು ಇವನನ್ನು ಸೆರೆಯಲ್ಲಿಟ್ಟು ಚಿತ್ರಹಿಂಸೆ ಕೊಟ್ಟರು. ಅವನ ಕೈ ಮುರಿದರು ಅನ್ನುವುದು ಆಮೇಲೆ ಕಟ್ಟಿದ ಕಥೆ. ಆದರೆ ಬಿಡುಗಡೆಯಾಗಿ 1531ರಲ್ಲಿ ಸಾಯುವವರೆಗೆ ಹೇಳಿಕೊಳ್ಳುವಂಥ ಕೆಲಸ ಅವನಿಂದ ಬರಲಿಲ್ಲ ಅನ್ನುವುದು ನಿಜ.

ತಾಂತ್ರಿಕವಾಗಿ ನನಗೆ ಇಷ್ಟವಾದ ಒಂದು ವಿವರ: ಈ ಮೂರ್ತಿಗಳ ಬೆನ್ನು ಟೊಳ್ಳು. ದುಂಡು ಕಾಂಡ ಒಣಗುವಾಗ ಹೊರಸುತ್ತು ಹೆಚ್ಚು ಕುಗ್ಗುತ್ತದೆ, ತಿರುಳಿನ ಕಡೆ ಕಡಿಮೆ. ಹಾಗಾಗಿ ಮರ ನಡುವಿನಿಂದ ನಕ್ಷತ್ರದಂತೆ ಬಿರುಕು ಬಿಡುತ್ತದೆ. ಹಿಂದಿನಿಂದ ತಿರುಳನ್ನು ಕೊರೆದು ತೆಗೆದುಬಿಟ್ಟರೆ ಆ ಎಳೆದಾಟಕ್ಕೆ ಜಾಗ ಸಿಗುತ್ತದೆ, ಮುಖ ಬಿರಿಯುವುದಿಲ್ಲ. ದೇವರ ಮುಂಭಾಗ ಅಷ್ಟು ಶಾಂತವಾಗಿರಲು ಬೆನ್ನ ಹಿಂದೆ ಖಾಲಿ ಇರಬೇಕಿತ್ತು.

ಇಂಗ್ಲೆಂಡಿನಲ್ಲಿ ಇದೇ ಮರ ಗ್ರಿನ್ಲಿಂಗ್ ಗಿಬ್ಬನ್ಸ್ ಕೈಗೆ ಸಿಕ್ಕಿತು. 1648ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಹುಟ್ಟಿದವನು. 1671ರಲ್ಲಿ ಲಂಡನ್ ಹತ್ತಿರದ ಡೆಪ್ಟ್‌ಫರ್ಡಿನ ಒಂದು ಸಣ್ಣ ಮನೆಯಲ್ಲಿ ಕೂತು ಕೆತ್ತುತ್ತಿದ್ದದ್ದನ್ನು ಜಾನ್ ಈವ್ಲಿನ್ ಕಿಟಕಿಯಲ್ಲಿ ಕಂಡು, ಕರೆದುಕೊಂಡು ಹೋಗಿ ರಾಜನಿಗೆ ಪರಿಚಯಿಸಿದ. ಗಿಬ್ಬನ್ಸ್ ಕೆತ್ತಿದ ಹೂವು, ಹಣ್ಣು, ಬಟಾಣಿ ಕಾಯಿ, ಜಾಲರಿ ಗೋಡೆಯಿಂದ ಆಚೆಗೆ ಚಾಚಿಕೊಂಡು ನಿಲ್ಲುತ್ತವೆ. ಓಕ್ ಮರದಲ್ಲಿ ಅಷ್ಟು ತೆಳುವಾಗಿ ಕೆತ್ತಿದರೆ ಮುರಿದೇಹೋಗುತ್ತದೆ. 1986ರಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಬೆಂಕಿ ಬಿದ್ದಾಗ ಅವನ ಒಂದು ಉದ್ದನೆಯ ತೂಗು ಕೆತ್ತನೆ ಸುಟ್ಟುಹೋಯಿತು. ಅದನ್ನು ಮತ್ತೆ ಕೆತ್ತಿದ್ದು ಡೇವಿಡ್ ಎಸ್ಟರ್ಲಿ ಎಂಬ ಅಮೆರಿಕನ್. ಒಂದು ವರ್ಷ ಹಿಡಿಯಿತು. ಗಿಬ್ಬನ್ಸ್ ಕಾಲದಲ್ಲಿ ಮರಳುಕಾಗದ ಇರಲಿಲ್ಲ, ಆದರೂ ಕೆಲವು ಕಡೆ ಮೇಲ್ಮೈ ಅಷ್ಟು ನುಣುಪು ಹೇಗೆ ಅನ್ನುವುದು ಪ್ರಶ್ನೆಯಾಗಿತ್ತು. ಕಾಂಡದಲ್ಲಿ ಸಿಲಿಕಾ ಇರುವ ಕುದುರೆಬಾಲದಂಥ ಒಂದು ಜೊಂಡನ್ನು ಉಜ್ಜಿರಬೇಕು ಅಂತ ಎಸ್ಟರ್ಲಿ ಕಂಡುಕೊಂಡ. ಗಿಬ್ಬನ್ಸನಿಗೂ ಎಸ್ಟರ್ಲಿಗೂ ನಡುವೆ ಮುನ್ನೂರು ವರ್ಷ. ಮ್ಯಾನ್ಯುಯಲ್ ಇಲ್ಲದ ಕೋಡನ್ನು ಓದಿ ಅರ್ಥ ಮಾಡಿಕೊಳ್ಳುವವರಿಗೆ ಈ ಕಷ್ಟ ಗೊತ್ತು.

ಮರವನ್ನು ಕಡಿಯದೆ ಅದರ ಕೆಳಗೆ ಕೂತದ್ದೂ ಒಂದು ದೊಡ್ಡ ಚರಿತ್ರೆ. ಜರ್ಮನ್ ಹಳ್ಳಿಗಳ ನಡುವೆ ಒಂದು ಲಿಂಡನ್ ಇರುತ್ತಿತ್ತು. ನ್ಯಾಯ ಪಂಚಾಯಿತಿ ಅಲ್ಲೇ. ಹಳೆಯ ತೀರ್ಪಿನ ಪತ್ರಗಳಲ್ಲಿ 'ಲಿಂಡನ್ ಕೆಳಗೆ' ಅಂತ ಬರೆದಿರುವುದು ಸಿಗುತ್ತದೆ. ನಮ್ಮ ಅರಳಿಕಟ್ಟೆ ನೆನಪಾಗದೆ ಇರುವುದಿಲ್ಲ. ನಾವು ಕಟ್ಟೆ ಕಟ್ಟಿದ್ದು ಬುಡಕ್ಕೆ. ಬವೇರಿಯಾದ ಉತ್ತರ ಭಾಗದವರು ಅಟ್ಟ ಕಟ್ಟಿದ್ದು ಮರದ ಮೇಲೆ! ಕೊಂಬೆಗಳನ್ನು ಎಳೆಯದರಲ್ಲೇ ಅಡ್ಡಕ್ಕೆ ಬಾಗಿಸಿ ಬೆಳೆಸಿ, ಕಂಬ ಕೊಟ್ಟು, ಎಲೆಗಳ ನಡುವೆ ಹಲಗೆಯ ನೆಲ ಹಾಕಿ, ಮೆಟ್ಟಿಲು ಇಟ್ಟು, ಮೇಲೆ ಹೋಗಿ ಕುಣಿಯುತ್ತಾರೆ. ಲಿಮ್ಮರ್ಸ್‌ಡೋರ್ಫ್ ಎಂಬ ಹಳ್ಳಿಯಲ್ಲಿ ಈ ಜಾತ್ರೆ 1729ರಿಂದ ನಡೆಯುತ್ತಿದೆ. ಸುಮಾರು 1200ರ ಹೊತ್ತಿನ ನಿಬೆಲುಂಗರ ಮಹಾಕಾವ್ಯದಲ್ಲಿ ವೀರ ಸೀಗ್‌ಫ್ರೀಡ್ ಡ್ರ್ಯಾಗನ್ ರಕ್ತದಲ್ಲಿ ಮಿಂದು ವಜ್ರದೇಹಿ ಆಗುತ್ತಾನೆ. ಮೀಯುವಾಗ ಬೆನ್ನ ಮೇಲೆ ಒಂದು ಲಿಂಡನ್ ಎಲೆ ಬಿದ್ದು ಅಷ್ಟು ಜಾಗ ಮಾತ್ರ ಒಣಗಿಯೇ ಉಳಿಯುತ್ತದೆ. ದುರ್ಯೋಧನನ ತೊಡೆಯ ಹಾಗೆ ಅಲ್ಲೇ ಸಾವು.

ಬರ್ಲಿನ್ನಿನ 'ಉಂಟರ್ ಡೆನ್ ಲಿಂಡೆನ್' ಬೀದಿಯನ್ನು ಎಲ್ಲರೂ ಬಲ್ಲರು. 1647ರಲ್ಲಿ ದೊರೆ ಫ್ರೀಡ್ರಿಷ್ ವಿಲ್ಹೆಲ್ಮ್ ಅರಮನೆಯಿಂದ ಬೇಟೆಕಾಡಿಗೆ ಹೋಗುವ ದಾರಿಗೆ ಲಿಂಡನ್, ಅಕ್ರೋಟು ಮರ ನೆಡಿಸಿದ. 1930ರ ದಶಕದಲ್ಲಿ ನಾಜಿಗಳು ನೆಲದಡಿ ರೈಲು ಮಾರ್ಗ ತೋಡುವಾಗ ಹಳೆ ಮರಗಳನ್ನು ಕಡಿದು ದೀಪದ ಕಂಬ ನಿಲ್ಲಿಸಿದರು. ಲಿಂಡನ್ನುಗಳ ಕೆಳಗೆ ಅಂತಿದ್ದ ಬೀದಿಯನ್ನು ಜನ 'ಲಾಂದ್ರಗಳ ಕೆಳಗೆ' ಅಂತ ಆಡಿಕೊಂಡರು. ಈಗ ಅಲ್ಲಿರುವುದು ಯುದ್ಧದ ನಂತರ ನೆಟ್ಟವು. ಅದಕ್ಕಿಂತ ಹೆಚ್ಚಿಗೆ ಆ ಬೀದಿಯ ಬಗ್ಗೆ ನನಗೆ ಹೇಳಬೇಕು ಅನ್ನಿಸುವುದಿಲ್ಲ. ಸ್ವೀಡನ್ನಿನ ಒಂದು ಹಳ್ಳಿಮರದ ಕಥೆ ಇದಕ್ಕಿಂತ ಚೆಂದ. ಅಲ್ಲಿನ ನಿಲ್ಸ್ ಎಂಬ ರೈತನ ಮಗ ಓದಲು ಹೊರಟಾಗ ಮನೆತನದ ಹೆಸರು ಬೇಕಾಯಿತು. ಹೊಲದಲ್ಲಿದ್ದ ದೊಡ್ಡ ಲಿಂಡನ್ ನೆನೆದು ಲಿನೇಯಸ್ ಅಂತ ಇಟ್ಟುಕೊಂಡ. ಅದೇ ಮರದಿಂದ ನಂಟರು ಲಿಂಡೆಲಿಯಸ್, ಟಿಲಿಯಾಂಡರ್ ಅಂತ ಹೆಸರು ಮಾಡಿಕೊಂಡರು. ನಿಲ್ಸನ ಮಗ ಕಾರ್ಲ್ 1707ರಲ್ಲಿ ಹುಟ್ಟಿ ಜಗತ್ತಿನ ಗಿಡಗಳಿಗೆಲ್ಲ ಎರಡು ಪದದ ಹೆಸರಿಡುವ ಕ್ರಮ ತಂದ. ಅವನ ಶಿಷ್ಯ ಮಾರ್ಟಿನ್ ವಾಲ್ ಭಾರತದ ಒಂದು ಮರದ ಎಲೆ ನೋಡಿ, ಲಿಂಡನ್ ಹಾಗೇ ಇದೆಯಲ್ಲ ಅಂತ 'ಗ್ರೂವಿಯಾ ಟಿಲಿಫೋಲಿಯಾ' ಅಂತ ಹೆಸರಿಟ್ಟ. ಲಿಂಡನ್ ಎಲೆಯದು ಅಂತ ಅರ್ಥ. ಮಲೆನಾಡಿನವರು ಇದನ್ನು ತಡಸಲು, ದಡಸಲು ಅಂತಾರೆ. ಅದರ ಮರ ಲಿಂಡನ್ ಹಾಗೆ ಮೆತ್ತಗಲ್ಲ, ಕೊಡಲಿ ಕಾವಿಗೆ ಬರುವಷ್ಟು ಗಟ್ಟಿ. ತೊಗಟೆಯಲ್ಲಿ ಮಾತ್ರ ಕುಟುಂಬದ ಗುಣ ಬಿಟ್ಟಿಲ್ಲ. ಹಗ್ಗದ ನಾರು ಬರುತ್ತದೆ.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ಕೂರಿಸಿದ ಭಾಗ. ಇಂಗ್ಲೆಂಡಿನ ಕಾಡು ಅಂದರೆ ಓಕ್ ಅಂತ ಬಹಳ ಕಾಲ ನಂಬಿದ್ದರು. ಜೌಗು ನೆಲದ ಕೆಸರಿನಲ್ಲಿ ಸಾವಿರಾರು ವರ್ಷದ ಪರಾಗ ಪದರ ಪದರವಾಗಿ ಕೂತಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಯಾವ ಕಾಲದಲ್ಲಿ ಯಾವ ಮರ ಎಷ್ಟಿತ್ತು ಅಂತ ಅಂದಾಜು ಸಿಗುತ್ತದೆ. ಆ ಎಣಿಕೆಯಲ್ಲಿ ಲಿಂಡನ್ ಅಷ್ಟೇನೂ ಕಾಣುವುದಿಲ್ಲ. ಕಾರಣ ಸರಳ. ಓಕ್, ಹೇಜಲ್ ಇವೆಲ್ಲ ಗಾಳಿಗೆ ಪರಾಗ ತೂರುವ ಮರಗಳು, ಮೋಡದಷ್ಟು ಉದುರಿಸುತ್ತವೆ. ಲಿಂಡನ್ನಿಗೆ ಜೇನು, ದುಂಬಿ ಇದೆ. ಅದು ಕಡಿಮೆ ಮಾಡುತ್ತದೆ, ಅದೂ ದೂರ ಹೋಗುವುದಿಲ್ಲ. ಈ ಪಕ್ಷಪಾತವನ್ನು ಲೆಕ್ಕಕ್ಕೆ ತೆಗೆದುಕೊಂಡು ತಿದ್ದಿದ ಮೇಲೆ ಚಿತ್ರ ಬದಲಾಯಿತು. ಸುಮಾರು 7,000ದಿಂದ 5,000 ವರ್ಷಗಳ ಹಿಂದೆ ತಗ್ಗು ಇಂಗ್ಲೆಂಡಿನ ಬಹುಭಾಗದಲ್ಲಿ ಕಾಡಿನ ಯಜಮಾನ ಲಿಂಡನ್. ಆಮೇಲೆ ಒಂದು ಹಂತದಲ್ಲಿ ಪರಾಗ ದಿಢೀರನೆ ಇಳಿದುಬಿಡುತ್ತದೆ.

ಹವಾಮಾನ ತಂಪಾಗಿ, ಒದ್ದೆಯಾಗಿ ಹೀಗಾಯಿತು ಅಂತ ಮೊದಲು ವಿವರಣೆ ಕೊಟ್ಟಿದ್ದರು. 1962ರಲ್ಲಿ ಜೂಡಿತ್ ಟರ್ನರ್ ಎಂಬ ಸಸ್ಯ ವಿಜ್ಞಾನಿ ಬೇರೆ ಬೇರೆ ಜಾಗದ ಕೆಸರನ್ನು ಇಂಗಾಲದ ಕಾಲಮಾಪನಕ್ಕೆ ಒಡ್ಡಿದ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟರು. ನಮ್ಮ ಕೆಲಸದಲ್ಲೂ ಇದೇ ತರ್ಕ. ಹತ್ತು ಸರ್ವರ್ ಒಂದೇ ನಿಮಿಷಕ್ಕೆ ಬಿದ್ದರೆ ಕರೆಂಟು ಹೋಗಿದೆ. ಒಂದೊಂದು ಒಂದೊಂದು ದಿನ ಬಿದ್ದರೆ ಯಾರೋ ಒಬ್ಬೊಬ್ಬರಾಗಿ ಆರಿಸುತ್ತಿದ್ದಾರೆ. ಹವಾಮಾನವೇ ಕಾರಣವಾಗಿದ್ದರೆ ಎಲ್ಲ ಕಡೆ ಲಿಂಡನ್ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಇಳಿಯಬೇಕಿತ್ತು. ಇಳಿದಿರಲಿಲ್ಲ. ತಾರೀಖುಗಳು ಒಂದಕ್ಕೊಂದು ಹೊಂದಲೇ ಇಲ್ಲ. ಇಳಿದ ಪದರದಲ್ಲೇ ಹುಲ್ಲು, ಕಳೆ, ಬೆಳೆಗಳ ಪರಾಗ ಏರುತ್ತಿತ್ತು. ಅಂದರೆ ಕೊಡಲಿ ಬಂದಿತ್ತು, ದನ ಬಂದಿತ್ತು. ಲಂಡನ್ ಪಕ್ಕದ ಎಪಿಂಗ್ ಕಾಡಿನಲ್ಲಂತೂ ಲಿಂಡನ್ ಆಂಗ್ಲೋ-ಸ್ಯಾಕ್ಸನ್ ಕಾಲದವರೆಗೂ ಉಳಿದಿತ್ತು ಅಂತ ನಂತರ ತಿಳಿಯಿತು. ಲಿಂಡನ್ನನ್ನೇ ಯಾಕೆ ಮೊದಲು ಕಡಿದರು? ಅದು ಬೆಳೆಯುತ್ತಿದ್ದದ್ದು ನೀರು ನಿಲ್ಲದ ಒಳ್ಳೆ ಮಣ್ಣಿನಲ್ಲಿ. ಬೇಸಾಯಗಾರನಿಗೂ ಅದೇ ಮಣ್ಣು ಬೇಕು. ಎಲೆ ದನಕ್ಕೆ ಇಷ್ಟದ ಮೇವು. ಕಡಿದ ಬುಡ ಚಿಗುರಿದರೆ ಆ ಚಿಗುರನ್ನೂ ಮೇಯುತ್ತವೆ.

ಮೇಯದೆ ಬಿಟ್ಟರೆ ಮಾತ್ರ ಈ ಮರ ಸಾಯುವುದೇ ಇಲ್ಲವೇನೋ ಅನ್ನಿಸುತ್ತದೆ. ಇಂಗ್ಲೆಂಡಿನ ವೆಸ್ಟನ್‌ಬರ್ಟ್ ಸಸ್ಯೋದ್ಯಾನದಲ್ಲಿ ಸುಮಾರು ಅರವತ್ತು ಕಾಂಡಗಳು ವೃತ್ತಾಕಾರವಾಗಿ ನಿಂತಿವೆ. ನೋಡಿದರೆ ಒಂದು ತೋಪು. ಡಿಎನ್ಎ ನೋಡಿದರೆ ಎಲ್ಲವೂ ಒಂದೇ ಮರ. ಮತ್ತೆ ಮತ್ತೆ ಕಡಿದು, ಮತ್ತೆ ಮತ್ತೆ ಚಿಗುರಿ, ನಡುವಿನ ಬುಡ ಕೊಳೆತು ಸುತ್ತ ಹರಡಿಕೊಂಡಿದೆ. ವಯಸ್ಸು ಸುಮಾರು 2,000 ವರ್ಷ ಅಂತ ಅಂದಾಜು. 2012ರಲ್ಲಿ ಅದನ್ನು ಮತ್ತೊಮ್ಮೆ ಕಡಿದರು, ಮತ್ತೆ ಚಿಗುರಿತು.

ಉತ್ತರದ ಲೇಕ್ ಡಿಸ್ಟ್ರಿಕ್ಟಿನ ಸಣ್ಣೆಲೆ ಲಿಂಡನ್ನುಗಳದ್ದು ಇನ್ನೊಂದು ಬಗೆ. ಅಲ್ಲಿ ಹಳ್ಳದ ಬದಿಯಲ್ಲಿ, ಬಂಡೆಗಳ ಸಂದಿನಲ್ಲಿ ಮುದಿ ಮರಗಳಿವೆ, ಹೂವೂ ಬಿಡುತ್ತವೆ. ಎಳೆ ಸಸಿ ಮಾತ್ರ ಕಾಣುವುದಿಲ್ಲ. ಡೊನಾಲ್ಡ್ ಪಿಗಟ್ ಮತ್ತು ಜೆ. ಪಿ. ಹಂಟ್ಲಿ ಇದರ ಹಿಂದೆ ಬಿದ್ದು 1981ರಲ್ಲಿ ಕಾರಣ ಪ್ರಕಟಿಸಿದರು. ಹೂವಿಗೆ ಪರಾಗ ತಲುಪುತ್ತದೆ. ಆದರೆ ಅಲ್ಲಿಂದ ಅಂಡಕ್ಕೆ ಇಳಿಯುವ ನಳಿಕೆ ಬೆಳೆಯಲು ಸುಮಾರು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚಗೆ ಬೇಕು. ಆ ಊರಿನ ಬೇಸಿಗೆಯ ತಂಪಿನಲ್ಲಿ ನಳಿಕೆ ತಲುಪುವಷ್ಟರಲ್ಲಿ ಹೂವು ಬಾಡುತ್ತದೆ. ಕಾಯಿ ಕಟ್ಟುತ್ತದೆ, ಒಳಗೆ ಬೀಜ ಜೊಳ್ಳು. ಹಾಗಿದ್ದರೆ ಈಗ ನಿಂತಿರುವ ಮರಗಳು ಯಾವಾಗ ಹುಟ್ಟಿದವು? ಹವೆ ಇನ್ನೂ ಬೆಚ್ಚಗಿದ್ದ ಕಾಲದಲ್ಲಿ ಬೀಜದಿಂದ ಬಂದು, ಬಿದ್ದಾಗಲೆಲ್ಲ ಬುಡದಿಂದ ಎದ್ದು, ಸಾವಿರಕ್ಕೂ ಹೆಚ್ಚು ವರ್ಷ ಸಂತಾನವಿಲ್ಲದೆ ಒಂಟಿಯಾಗಿ ಅಲ್ಲೇ ಇವೆ ಅನ್ನುವುದು ಪಿಗಟ್ ತೀರ್ಮಾನ.

ತುಂಬಾ ಸೆಖೆಯ ಬೇಸಿಗೆ ಬಂದ ವರ್ಷ ಆ ಮರಗಳಲ್ಲಿ ಗಟ್ಟಿ ಬೀಜ ಆಗುತ್ತದೆ. ಈಗ ಅಂಥ ಬೇಸಿಗೆ ಮೊದಲಿಗಿಂತ ಹೆಚ್ಚು. ಬೀಜ ಮೊಳೆಯುತ್ತದೆ, ಬೆರಳು ಬಿಡಿಸಿದ ಪುಟ್ಟ ಅಂಗೈಯಂಥ ಎರಡು ಬೀಜದೆಲೆ ನೆಲದ ಮೇಲೆ ಬರುತ್ತವೆ. ಆಮೇಲೆ ಕಾಡಿಲಿ ಬರುತ್ತದೆ, ಅದು ಬಿಟ್ಟದ್ದಕ್ಕೆ ಕುರಿ.